ನಾಯಿಮರಿಗೂ ಬಂತು ಹಲ್ಲು ತಿಕ್ಕುವ ಪಾಳಿ!

ಜತ್ತ: ಬೆಳಗ್ಗೆ ಆರೂವರೆ. ಉಮದಿ ಭಾಗದ ತೋಟದ ವಸ್ತಿಯೊಂದರಲ್ಲಿ ಬಚ್ಚಲ ಮುಂದೆ ಹಲ್ಲು ತಿಕ್ಕುವವರ ಪಾಳಿ. ಮೊದಲು ಕನ್ನಡ ಶಾಲೆಯ ಐದನೇ ಇಯತ್ತೆಯ ಹುಡುಗಿ. ಅವಳದು ಮುಗಿಯುತ್ತಿದ್ದಂತೆ ಬಾಲ ಅಲ್ಲಾಡಿಸುತ್ತ ಬಂದು ಕೂಡುತ್ತಾನೆ ಐದು ತಿಂಗಳ ‘ರಾಜಾ’. ಹುಡುಗಿ ಮೆಲ್ಲಗೆ ತುಟಿ ಎತ್ತುತ್ತಾಳೆ, ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಹಲ್ಲು ತಿಕ್ಕುತ್ತಾಳೆ. ಒಂದು ನಿಮಿಷದ ಕೆಲಸ. ಮುಗಿದ ಮೇಲೆ ಒಂದು ತುಂಡು ರೊಟ್ಟಿ, ಬೆನ್ನು ಸವರಿ ಒಂದು ಶಾಬಾಸ್!

ಹೌದು, ಇದು ನಾಯಿಮರಿಗೆ ದಿನಾ ಹಲ್ಲು ತಿಕ್ಕುವ ಮನೆ. ನೋಡಿದವರು ನಗುತ್ತಾರೆ. ‘ಮಂದಿಗೇ ನೀರಿಲ್ಲ, ಇವರು ನಾಯಿಗೆ ಬಾಯಿ ತೊಳಸ್ತಾರ’ ಎಂದು ಅಣಕಿಸಿದವರೂ ಇದ್ದಾರೆ. ಆದರೆ ಈ ಮನೆಯವರಿಗೆ ಇದು ಶೋಕಿಯಲ್ಲ. ಒಂದು ಜೀವ ಕಳೆದುಕೊಂಡ ಮೇಲೆ ಕಲಿತ ಪಾಠ.

ಮೋತಿ ಹೋದ ಬಗೆ

ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆಯಿದು. ಕುರಿ ಇದ್ದಲ್ಲಿ ನಾಯಿ ಇರಲೇಬೇಕು. ಮರಾಠಿಯವರು ‘ಕಾರವಾನಿ’ ಎಂದು, ಕನ್ನಡದವರು ‘ಮುಧೋಳ ನಾಯಿ’ ಎಂದು ಕರೆಯುವ ಉದ್ದ ಮೂತಿಯ, ಸಣ್ಣ ನಡುವಿನ ಬೇಟೆನಾಯಿ ಎರಡೂ ಭಾಷೆಯವರಿಗೆ ಬೇಕಾದದ್ದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆ ಚೀಟಿಯನ್ನೂ ಹೊರತಂದಿದೆ.

ಇದೇ ಜಾತಿಯ ‘ಮೋತಿ’ ಈ ವಸ್ತಿಯಲ್ಲಿ ಒಂಬತ್ತು ವರ್ಷ ಹಟ್ಟಿ ಕಾಯ್ದಿತ್ತು. ಕಡೆಯ ವರ್ಷ ಕಟಕ ರೊಟ್ಟಿ ಕಡಿಯಲಾಗದೆ ಕೆಳಗೆ ಬೀಳಿಸತೊಡಗಿತು. ಒಂದೇ ಮಗ್ಗುಲಲ್ಲಿ ಜಗಿಯುತ್ತಿತ್ತು. ಬಾಯಿಯಿಂದ ಕೆಟ್ಟ ವಾಸನೆ. ‘ವಯಸ್ಸಾತು, ನಾಯಿ ಬಾಯಿ ಅಂದ್ರ ವಾಸನಿ ಇರೂದ’ ಎಂದು ಸುಮ್ಮನಾದರು. ಮುಂದೆ ಕಣ್ಣಿನ ಕೆಳಗೆ ಬಾವು ಬಂದು ಕೀವು ಸೋರಿತು. ಮುಳ್ಳು ಚುಚ್ಚಿರಬೇಕೆಂದು ಅರಿಷಿಣ ಹಚ್ಚಿದರು.

ಕೊನೆಗೆ ಟೆಂಪೋದಲ್ಲಿ ವಿಜಯಪುರಕ್ಕೆ ಒಯ್ದಾಗ ವೈದ್ಯರು ಮಾಡಿದ ಮೊದಲ ಕೆಲಸ ತುಟಿ ಎತ್ತಿ ನೋಡಿದ್ದು. ಹಲ್ಲಿನ ಮೇಲೆ ಕಂದು ಬಣ್ಣದ ಗಾರೆ, ಕೊಳೆತ ಒಸಡು, ದವಡೆ ಹಲ್ಲಿನ ಬೇರಿನಲ್ಲಿ ಕೀವು. ಕಣ್ಣಿನ ಕೆಳಗಿನ ಬಾವಿಗೆ ಮೂಲ ಅದೇ ಹಲ್ಲು. ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕಿತ್ತು. ಅನ್ನ ಬಿಟ್ಟು ಎಲುಬಿನ ಹಂದರವಾಗಿದ್ದ ಮೋತಿ ಅದನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ. ವಾರದಲ್ಲಿ ತೀರಿಕೊಂಡಿತು.

‘ಒಂಬತ್ತು ವರ್ಷ ಅದರ ಕೈಲೆ ದುಡಿಸಿಕೊಂಡ್ವಿ. ಒಂದ ಸಲನೂ ಬಾಯಿ ಒಳಗ ನೋಡಲಿಲ್ಲರಿ’ ಎನ್ನುವಾಗ ಮನೆಯ ಯಜಮಾನರ ದನಿ ಈಗಲೂ ಭಾರವಾಗುತ್ತದೆ.

ಹಲ್ಲಿಗೆ ಆಗುವುದೇನು?

ತಿಂದ ಮೇಲೆ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಅಂಟು ಪದರು ಕೂಡುತ್ತದೆ. ಅದರ ತುಂಬ ರೋಗಾಣುಗಳು. ಎರಡು ಮೂರು ದಿನ ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜಾಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಬಟ್ಟೆಗೂ ಬ್ರಶ್ಶಿಗೂ ಬಗ್ಗುವುದಿಲ್ಲ. ಪಶುವೈದ್ಯರೇ ಅರಿವಳಿಕೆ ಕೊಟ್ಟು ತೆಗೆಯಬೇಕು. ಹೀಗಾಗಿ ದಿನಾ ತಿಕ್ಕುವುದು ಒಳ್ಳೆಯದು. ವಾರಕ್ಕೊಮ್ಮೆ ತಿಕ್ಕಿದರೆ ಸಾಲದು. ಮನೆಯೊಳಗೆ ಸಾಕುವ ಪಾಮೇರಿಯನ್‌ನಂಥ ಸಣ್ಣ ನಾಯಿಗಳಲ್ಲಿ ಈ ಒಸಡಿನ ರೋಗ ಇನ್ನೂ ಹೆಚ್ಚು.

ಮರಿ ಇದ್ದಾಗಲೇ ಏಕೆ?

ಮರಿ ಹುಟ್ಟುವಾಗ ಬಾಯಲ್ಲಿ ಹಲ್ಲಿರುವುದಿಲ್ಲ. ಮೂರನೇ ವಾರದಿಂದ ಹಾಲುಹಲ್ಲು ಮೂಡತೊಡಗುತ್ತವೆ, ಒಟ್ಟು 28. ನಾಲ್ಕು ತಿಂಗಳ ಸುಮಾರಿಗೆ ಅವು ಉದುರುತ್ತ ಬಂದು, ಆರೇಳು ತಿಂಗಳಾಗುವಷ್ಟರಲ್ಲಿ 42 ಕಾಯಂ ಹಲ್ಲು ಬರುತ್ತವೆ.

‘ಬೀಳೂ ಹಲ್ಲಿಗೆ ಯಾಕ ತಿಕ್ಕಬೇಕ?’ ಎಂಬುದು ಹುಡುಗಿಯ ಆಯಿಯ ಪ್ರಶ್ನೆ. ಆ ವಯಸ್ಸಿನಲ್ಲಿ ತಿಕ್ಕುವುದು ಹಲ್ಲಿಗಿಂತ ಹೆಚ್ಚಾಗಿ ರೂಢಿಗಾಗಿ. ಎರಡು ತಿಂಗಳ ಮರಿ ಬಾಯಿ ಮುಟ್ಟಿಸಿಕೊಳ್ಳಲು ಬೇಗ ಕಲಿಯುತ್ತದೆ. ಎರಡು ವರ್ಷದ ನಾಯಿಗೆ ಕಲಿಸುವುದು ಕಷ್ಟ, ಕಚ್ಚಿದರೂ ಕಚ್ಚೀತು. ಬಾಯಿ ಮುಟ್ಟಿಸಿಕೊಳ್ಳುವ ನಾಯಿಗೆ ಮಾತ್ರೆ ನುಂಗಿಸುವುದೂ ಸುಲಭ.

ರಾಜಾನ ಒಂದು ಹಲ್ಲು ಅಂಗಳದಲ್ಲಿ ಅಕ್ಕಿಕಾಳಿನಂತೆ ಬಿದ್ದಿತ್ತು. ಹುಡುಗಿ ತನ್ನ ಹಲ್ಲು ಬಿದ್ದಾಗ ಮಾಡಿದಂತೆಯೇ ಅದನ್ನೂ ಮಾಳಿಗೆ ಮೇಲೆ ಎಸೆದಳಂತೆ! ಹೆಚ್ಚಿನ ಮರಿಗಳು ಉದುರಿದ ಹಲ್ಲು ನುಂಗಿಬಿಡುತ್ತವೆ, ಅದರಿಂದ ಅಪಾಯವಿಲ್ಲ. ಹಳೆ ಹಲ್ಲು ಬೀಳದೆ ಅದರ ಮಗ್ಗುಲಲ್ಲೇ ಹೊಸದು ಬಂದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ತಿಕ್ಕುವ ರೀತಿ

ಮೊದಲ ದಿನವೇ ಬ್ರಶ್ ಹಾಕಬಾರದು. ಮೂರು ನಾಲ್ಕು ದಿನ ಬರೀ ತುಟಿ, ಗದ್ದ ಮುಟ್ಟಿ ರೂಢಿ ಮಾಡಬೇಕು. ಆಮೇಲೆ ತುಟಿ ಎತ್ತಿ ಬೆರಳಿನಿಂದ ಒಸಡು ಸವರಬೇಕು. ಅದಕ್ಕೂ ಒಗ್ಗಿದ ಮೇಲೆ ಬೆರಳಿಗೆ ಸ್ವಚ್ಛ ಒದ್ದೆ ಬಟ್ಟೆ, ಕಡೆಗೆ ಮಕ್ಕಳ ಮೆತ್ತನೆಯ ಬ್ರಶ್. ಒಸಡು ಮತ್ತು ಹಲ್ಲು ಕೂಡುವ ಗೆರೆಗೆ ಬ್ರಶ್ಶನ್ನು ಓರೆಯಾಗಿ ಹಿಡಿದು ಸಣ್ಣಗೆ ಸುತ್ತಿಸಬೇಕು. ಹೊರಮಗ್ಗುಲು ತಿಕ್ಕಿದರೆ ಬಹುಪಾಲು ಕೆಲಸ ಮುಗಿದಂತೆ. ಮೇಲಿನ ಹಿಂದಿನ ದವಡೆ ಹಲ್ಲು ಮರೆಯಬಾರದು, ಗಾರೆ ಹೆಚ್ಚು ಕೂಡುವುದು ಅಲ್ಲಿಯೇ.

ಬಾಯಿ ಅಗಲಿಸಿ ಹಿಡಿಯುವುದು, ಗದರುವುದು ಬೇಡ. ಮರಿ ತಲೆ ತಿರುಗಿಸಿದರೆ ಅಂದಿಗೆ ಸಾಕು. ಹಲ್ಲು ಬದಲಾಗುವ ದಿನಗಳಲ್ಲಿ ಒಸಡು ನೋಯುತ್ತದೆ, ಚೂರು ರಕ್ತವೂ ಕಾಣಬಹುದು. ಆಗ ಕೈ ಇನ್ನಷ್ಟು ಹಗುರವಿರಲಿ.

ಮಿಶ್ರಿ ಬೇಡವೇ ಬೇಡ

ಒಂದು ದಿನ ಆಯಿ ತಮ್ಮ ಡಬ್ಬಿಯ ಮಿಶ್ರಿಯನ್ನೇ ಚಿಟಿಕೆ ತೆಗೆದು ಮರಿಯ ಹಲ್ಲಿಗೆ ಹಚ್ಚಲು ಹೋಗಿದ್ದರು. ಮೊಮ್ಮಗಳು ಕೈ ಹಿಡಿದಳು. ಮಿಶ್ರಿ ಎಂದರೆ ಸುಟ್ಟ ತಂಬಾಕು. ಅದರಲ್ಲಿನ ನಿಕೋಟಿನ್ ನಾಯಿಗೆ ವಿಷ, ಸಣ್ಣ ಮರಿಗೆ ಸ್ವಲ್ಪವೂ ಹೆಚ್ಚೇ. ಮನುಷ್ಯರ ಬಾಯಿಗೂ ಅದು ಒಳ್ಳೆಯದಲ್ಲ ಎಂಬ ಮಾತು ಅಂದೇ ಮನೆಯಲ್ಲಿ ಶುರುವಾಯಿತು. ಆಯಿ ನಕ್ಕು ಡಬ್ಬಿ ಮುಚ್ಚಿದರು.

ನಮ್ಮ ಟೂತ್‌ಪೇಸ್ಟೂ ಬೇಡ. ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ಪೇಸ್ಟಿನ ಫ್ಲೋರೈಡ್, ನೊರೆ ಬರಿಸುವ ಪದಾರ್ಥ ಹೊಟ್ಟೆಗೆ ಸಲ್ಲದು. ಕೆಲವು ಪೇಸ್ಟಿನಲ್ಲಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ‘ಝೈಲಿಟಾಲ್’ ಎಂಬ ಸಿಹಿ ಇರುತ್ತದೆ. ಇದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿ, ಯಕೃತ್ತಿಗೆ ಹಾನಿ ಮಾಡಿ ಜೀವ ತೆಗೆಯಬಲ್ಲದು. ನಾಯಿಗೆಂದೇ ಮಾಡಿದ ಪೇಸ್ಟ್ ಸಿಕ್ಕರೆ ಸರಿ. ಸಿಗದಿದ್ದರೆ ಬರೀ ನೀರು ಸಾಕು, ಕೆಲಸ ಮಾಡುವುದು ತಿಕ್ಕುವ ಕೈ. ‘ಎಲುಬು ಕಡದ್ರ ಹಲ್ಲು ತಾನ ಸ್ವಚ್ಛ ಆಗ್ತಾವ’ ಎಂಬ ನಂಬಿಕೆಯೂ ಅಪಾಯದ್ದೇ. ಗಟ್ಟಿ ಎಲುಬಿಗೆ ದವಡೆ ಹಲ್ಲು ಸೀಳುತ್ತದೆ. ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಕೈ ಹಾಕುವ ಮುನ್ನ

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಸಿಕ್ಕ, ಪರಿಚಯವಿಲ್ಲದ ಮರಿಯ ಬಾಯಿಗೆ ಮಕ್ಕಳು ಬೆರಳು ಹಾಕಬಾರದು. ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದ ನಾಯಿ ಕಂಡರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ದೊಡ್ಡವರೂ ಕೈ ಹಾಕುವುದುಂಟು. ಅದು ಹುಚ್ಚುನಾಯಿ ರೋಗವಿರಬಹುದು, ಜೊಲ್ಲಿನಿಂದಲೇ ಹರಡುತ್ತದೆ. ಮನೆಯ ಮರಿಗೆ ಮೂರು ತಿಂಗಳಿಗೆ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಹಲ್ಲು ತಾಗಿ ಗೀರು ಬಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಸರ್ಕಾರಿ ದವಾಖಾನೆಗೆ ಹೋಗಬೇಕು. ಅರಿಷಿಣ, ಸುಣ್ಣ ಹಚ್ಚಿ ಕೂಡುವಂತಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ರಾಜಾನಿಗೆ ಲಸಿಕೆ ಆಗಿದೆ. ಚೀಟಿಯನ್ನು ಹುಡುಗಿ ತನ್ನ ಕನ್ನಡ ಪಠ್ಯಪುಸ್ತಕದಲ್ಲಿಟ್ಟು ಜೋಪಾನ ಮಾಡಿದ್ದಾಳೆ. ಅಂದಹಾಗೆ, ಈಗ ಮರಿ ಆಯಿಯ ಕೈಗೂ ಬಾಯಿ ಒಡ್ಡುತ್ತದೆ. ಹುಡುಗಿ ಶಾಲೆಗೆ ತಡವಾದ ದಿನ ರಾಜಾನ ಹಲ್ಲು ತಿಕ್ಕುವ ಪಾಳಿ ಆಯಿಯದೇ.