ಗಿರಣಿಯ ನೆಲದಲ್ಲಿ ಮುಗಿಲೆತ್ತರದ ಮನೆಗಳು

ಮುಂಬಯಿಯ ಲಾಲ್‌ಬಾಗ್, ಪರೇಲ್, ವರಳಿ ಭಾಗಗಳನ್ನು ಜನರು ಗಿರಣಗಾಂವ್, ಎಂದರೆ ಗಿರಣಿಗಳ ಊರು, ಎಂದೇ ಕರೆಯುತ್ತ ಬಂದಿದ್ದಾರೆ. ಕೊಂಕಣದವರೊಡನೆ, ಘಟ್ಟದ ಮೇಲಿನವರೊಡನೆ ನಮ್ಮ ಕನ್ನಡ ನಾಡಿನವರೂ ಹೊಟ್ಟೆಪಾಡಿಗಾಗಿ ಈ ನಗರವನ್ನು ಸೇರಿದರು. ಹಗಲು ದುಡಿದವರಿಗೆ ಕನ್ನಡದ ರಾತ್ರಿಶಾಲೆಗಳು ಅಕ್ಷರ ಕಲಿಸಿದವು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಸ್ತಬ್ಧವಾದವು. ಇಂದು ಆ ನೆಲದಲ್ಲಿ ಮುಗಿಲೆತ್ತರದ ವಸತಿ ಕಟ್ಟಡಗಳು ಎದ್ದು ನಿಂತಿವೆ.

ಎತ್ತರದ ಮನೆಗಳೇ ಬೇಡವೆನ್ನುವವರು ನಾವಲ್ಲ. ಜಾಗ ಕಿರಿದು, ಜನ ಬಹಳ, ಮೇಲಕ್ಕೇರದೆ ಗತ್ಯಂತರವಿಲ್ಲ. ಆದರೆ ಹೊಸ ಕಟ್ಟಡವು ತಾನು ನಿಂತ ಕೇರಿಯನ್ನು ಗುರುತಿಸಿ ಮಾತನಾಡಿಸುತ್ತದೆಯೋ ಇಲ್ಲವೋ ಎಂಬುದನ್ನು ಕೇಳಲೇಬೇಕಾಗಿದೆ.

ಆ ಕೇರಿಯ ಸ್ವರೂಪವಾದರೂ ಎಂಥದು? ಗಿರಣಿಯ ಸೂರು ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ತಿರುಗಿಸುತ್ತಿದ್ದರು; ಬಿಸಿಲು ಒಳನುಗ್ಗದೆ ತಂಪಾದ ಬೆಳಕು ಮಾತ್ರ ಮಗ್ಗಗಳ ಮೇಲೆ ಬೀಳುತ್ತಿತ್ತು. ಗಿರಣಿಯ ಗೋಡೆಯಾಚೆ ಚಾಳುಗಳು. ಒಂದೊಂದೇ ಕೋಣೆಯ ಮನೆಗಳು, ಅವುಗಳ ಮುಂದೆ ಉದ್ದಕ್ಕೆ ಹಾಯುವ ಒಂದೇ ಮೊಗಸಾಲೆ. ಅಕ್ಕಿ ಆರಿಸುವುದು, ಮಕ್ಕಳ ಪಾಠ, ಮುದುಕರ ಹರಟೆ, ಮದುವೆಯ ಮಾತುಕತೆ ಎಲ್ಲವೂ ಅಲ್ಲಿಯೇ. ಊರಲ್ಲಿ ಸಂಸಾರ ಬಿಟ್ಟು ಬಂದ ಕಾರ್ಮಿಕರಿಗೆ ಹೆಂಗಸರು ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದರು. ಇಂಥ ಹೆಂಗಸರನ್ನು ಸಂಘಟಿಸಲೆಂದೇ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. ಕೇರಿಯ ಬದುಕೆಲ್ಲವೂ ನೆಲಕ್ಕೆ ಹತ್ತಿರವಾಗಿ, ಬಾಗಿಲು ತೆರೆದಿಟ್ಟುಕೊಂಡು ನಡೆಯುತ್ತಿತ್ತು.

ಹೊಸ ಗೋಪುರಗಳ ದೋಷವಿರುವುದು ತುದಿಯಲ್ಲಲ್ಲ, ಬುಡದಲ್ಲಿ. ಕೆಳಗಿನ ಹಲವು ಮಹಡಿಗಳು ಕಾರುಗಳಿಗೆ ಮೀಸಲು. ಬೀದಿಯಲ್ಲಿ ನಡೆಯುವವನಿಗೆ ಕಾಣುವುದು ಎತ್ತರದ ಮೂಕ ಗೋಡೆ ಮತ್ತು ಕಾವಲುಗಾರ. ಅಂಗಳದಲ್ಲಿ ಹಳೆಯ ಚಿಮಣಿಯೊಂದನ್ನು ಉಳಿಸಿಕೊಂಡರೆ ಪರಂಪರೆಗೆ ಸಲ್ಲಬೇಕಾದುದು ಸಂದಿತೆಂದು ಭಾವಿಸುವವರಿದ್ದಾರೆ. ಮನೆಯನ್ನು ಕೆಡವಿ ಹೊಸ್ತಿಲನ್ನು ಕಾಪಾಡಿದಂತೆ ಇದು!

ಬೇರೆ ದಾರಿ ಇಲ್ಲವೆಂದಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಬಂದರಿನಲ್ಲಿ 17 ಮಹಡಿ ಎತ್ತರದ ಹಳೆಯ ಧಾನ್ಯ ಕಣಜವೊಂದಿತ್ತು. ಕೋಬೆ ಎಂಬ ವಾಸ್ತುಶಿಲ್ಪ ಸಂಸ್ಥೆಯವರು 2017ರಲ್ಲಿ ಅದನ್ನು ವಸತಿಗೃಹವಾಗಿ ಮಾರ್ಪಡಿಸಿದರು. ಒಳಗಿನ ಒರಟು ಕಾಂಕ್ರೀಟನ್ನು ಹಾಗೆಯೇ ಬಿಟ್ಟು, ಚಳಿಗಾಳಿ ತಡೆಯಲು ಹೊರಗೆ ಮಾತ್ರ ಉಕ್ಕಿನ ಹೊದಿಕೆ ತೊಡಿಸಿದರು. ನಮಗೆ ಮೆಚ್ಚುಗೆಯಾದುದು ಬೇರೊಂದು: ನೆಲಮಹಡಿಯನ್ನೂ ತುದಿಯ ಮಹಡಿಯನ್ನೂ ಅವರು ನಿವಾಸಿಗಳಿಗೆ ಮಾರದೆ ಸಾರ್ವಜನಿಕರ ಬಳಕೆಗೆ ಇಟ್ಟರು.

ಮುಂಬಯಿಗೂ ಇಂಥ ಅವಕಾಶ ಬಂದಿತ್ತು. 1991ರ ನಿಯಮದಂತೆ ಗಿರಣಿ ಭೂಮಿಯಲ್ಲಿ ಮೂರನೆಯ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಸರಕಾರಿ ವಸತಿಗೆ, ಉಳಿದುದು ಮಾಲೀಕರಿಗೆ ಸಲ್ಲಬೇಕಿತ್ತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿಯು 1996ರಲ್ಲಿ ಬಿಡಿಬಿಡಿಯಾಗಿ ಕಟ್ಟದೆ ಸಮಗ್ರವಾಗಿ ಯೋಜಿಸಬೇಕೆಂದಿತು. 2001ರ ತಿದ್ದುಪಡಿಯು, ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಹಂಚಿದರೆ ಸಾಕೆಂದಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಬಯಲೂ ಬಡವರ ಮನೆಯೂ ಕುಗ್ಗಿದವು.

ಆದರೂ ಕೆಲವರಿಗೆ ಮನೆ ದೊರೆಯಿತು. 2012ರಲ್ಲಿ 6,925 ಮನೆಗಳನ್ನು ಚೀಟಿ ಎತ್ತಿ ಗಿರಣಿ ಕಾರ್ಮಿಕರಿಗೂ ಅವರ ವಾರಸುದಾರರಿಗೂ ಹಂಚಲಾಯಿತು. ಒಂದೊಂದು ಮನೆ 225 ಚದರ ಅಡಿ, ಅದೂ ಬಹುಮಹಡಿಯ ಗೋಪುರದಲ್ಲಿ. ಇಷ್ಟು ಚಿಕ್ಕ ಮನೆಗೆ ಬಾಗಿಲಾಚೆಯ ಜಾಗವೇ ಎರಡನೆಯ ಕೋಣೆ. ಇಂಥ ಮನೆಗಳನ್ನು ರೂಪಿಸುವವರು ಲಿಫ್ಟಿನಿಂದ ಬಾಗಿಲವರೆಗಿನ ದಾರಿಯನ್ನು ಕತ್ತಲೆಯ ಓಣಿಯಾಗಿಸದೆ, ಒಂದು ಬದಿ ಗಾಳಿಬೆಳಕಿಗೆ ತೆರೆದು, ಚಾಪೆ ಹಾಸಿ ನಾಲ್ವರು ಕುಳಿತರೂ ಐದನೆಯವರು ದಾಟಿ ಹೋಗುವಷ್ಟು ಅಗಲವಾಗಿ ಕಟ್ಟಲಿ.