ಮನೆ ಬಿಟ್ಟ ಬಸವನಹುಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನೆಲ ಅಗೆದರೆ ಸುಣ್ಣದ ಕಲ್ಲು. ಅದೇ ಸಿಮೆಂಟ್ ಆಗುತ್ತೆ, ಅದೇ ಮನೆಗೆ ಹಾಸುವ ಫರ್ಸಿ ಆಗುತ್ತೆ. ಬಸವನಹುಳು ಬೆನ್ನ ಮೇಲೆ ಕಟ್ಟಿಕೊಳ್ಳುವ ಮನೆಗೂ ಬೇಕಾದ ಮುಖ್ಯ ಮಾಲು ಇದೇ: ಕ್ಯಾಲ್ಸಿಯಂ ಕಾರ್ಬೊನೇಟ್.

ಮಳೆಗಾಲದಲ್ಲಿ ಬಚ್ಚಲಿನ ಮೂಲೆಯಲ್ಲೋ ಹೂಕುಂಡದ ಬುಡದಲ್ಲೋ ಇನ್ನೊಂದು ಪ್ರಾಣಿ ಕಾಣುತ್ತೆ. ಕಂದು ಬಣ್ಣ, ಲೋಳೆ ಮೈ, ಚಿಪ್ಪಿಲ್ಲ. ಜಿಗಣೆ ಅಂದುಕೊಂಡು ಉಪ್ಪು ಸುರಿಯುವವರೇ ಹೆಚ್ಚು. ಅದು ಜಿಗಣೆಯಲ್ಲ, ಸ್ಲಗ್. ಅಂದ್ರೆ ಮನೆ ಬಿಟ್ಟ ಬಸವನಹುಳು.

ಚಿಪ್ಪು ನೋಡಿ ಮೋಸ ಹೋದವರು ನಾವಷ್ಟೇ ಅಲ್ಲ. 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಚಿಪ್ಪಿರುವವನ್ನು ‘ಟೆಸ್ಟೇಸಿಯಾ’ ಗುಂಪಿಗೂ, ಸ್ಲಗ್‌ನಂಥ ಬರಿಮೈಯವನ್ನು ‘ಮೊಲಸ್ಕಾ’ ಗುಂಪಿಗೂ ಸೇರಿಸಿದ್ದರು. ಹೀಗೆ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಯಾದರು. 1795ರಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೆ ದೇಹದ ಒಳರಚನೆ ನೋಡಿ ಅವನ್ನು ಮತ್ತೆ ಒಂದುಗೂಡಿಸಿದರು. ಇಂದು ಇವೆಲ್ಲ ಮೃದ್ವಂಗಿಗಳು. ಗುರುತು ಚಿಪ್ಪಲ್ಲ, ಸ್ನಾಯುವಿನ ಪಾದ, ಮ್ಯಾಂಟಲ್ ಎಂಬ ಹೊದಿಕೆ, ಹೆಚ್ಚಿನವುಗಳಲ್ಲಿ ಅರದಂಥ ನಾಲಿಗೆ.

ಹಾಗಾದ್ರೆ ಚಿಪ್ಪು ಬಿಟ್ಟಿದ್ದೇಕೆ? ಮನೆ ಇದ್ದರೆ ಬೇಸಿಗೆಯಲ್ಲಿ ಬಾಗಿಲು ಹಾಕಿ ಮಲಗಬಹುದು. ಆದರೆ ಅದನ್ನು ಕಟ್ಟಲು ಸುಣ್ಣ ಬೇಕು, ದಿನವೂ ಹೊರಬೇಕು. ಬಿಟ್ಟರೆ ಸಣ್ಣ ಸಂದಿಯಲ್ಲೂ ನುಸುಳಬಹುದು, ಸುಣ್ಣ ಕಡಿಮೆಯಿರುವ ಮಣ್ಣಲ್ಲೂ ಬಾಳಬಹುದು. ಬೆಲೆ ಏನಂದ್ರೆ ಮೈ ಬೇಗ ಒಣಗುತ್ತೆ. ಅದಕ್ಕೇ ರಾತ್ರಿ ಮತ್ತು ಮಳೆಯಲ್ಲೇ ಓಡಾಟ. ಈ ಲೆಕ್ಕಾಚಾರ ಒಂದೇ ವಂಶದಲ್ಲಿ ನಡೆದದ್ದಲ್ಲ, ಬೇರೆಬೇರೆ ವಂಶಗಳಲ್ಲಿ ಹಲವು ಸಲ ನಡೆದಿದೆ.

ಕಡಲಲ್ಲೂ ಇದೇ ಕತೆ. ಮಂಗಳೂರಿನವರ ಬೊಂಡಾಸ್‌ಗೆ ಚಿಪ್ಪು ಮೈಯೊಳಗೆ ಸೇರಿ ತೆಳುವಾದ ಕಡ್ಡಿಯಾಗಿದೆ. ಲವ್‌ಬರ್ಡ್ಸ್ ಪಂಜರದಲ್ಲಿ ತೂಗುಹಾಕುವ ಬಿಳಿ ‘ಸಮುದ್ರಫೇನ’ ಕಟಲ್‌ಫಿಶ್‌ನ ಒಳಚಿಪ್ಪು. ಆಕ್ಟೋಪಸ್‌ಗೆ ಅದೂ ಇಲ್ಲದಂತೆಯೇ. ಬಣ್ಣಬಣ್ಣದ ಕಡಲ ಸ್ಲಗ್‌ಗಳಲ್ಲಂತೂ ಮರಿಗೆ ಪುಟ್ಟ ಚಿಪ್ಪಿರುತ್ತೆ, ಬೆಳೆಯುವಾಗ ಕಳಚಿ ಬೀಳುತ್ತೆ.

ಇನ್ನೊಂದು ನಷ್ಟವೂ ಇದೆ. ಫರ್ಸಿಯಲ್ಲಿ ಚಿಪ್ಪು ಹುಡುಕಬೇಡಿ. ಆ ಕಲ್ಲು ಚಿಪ್ಪು ಕಟ್ಟುವ ಪ್ರಾಣಿಗಳಿಗಿಂತ ಹಳೇದು. ಚಿಂಚೋಳಿ ಕಡೆ ಹೋದರೆ ದಖ್ಖನ್ನಿನ ಲಾವಾ ಕಲ್ಲು ಸಿಗುತ್ತೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಆ ಲಾವಾದ ಪದರಗಳ ನಡುವೆ, ದಖ್ಖನ್ನಿನ ಹಲವೆಡೆ, ಸಿಹಿನೀರಿನ ಬಸವನಹುಳು ‘ಫೈಸಾ’ದ ಚಿಪ್ಪುಗಳು ಕಲ್ಲಾಗಿ ಉಳಿದಿವೆ. ಬರಿಮೈಯ ಸ್ಲಗ್‌ಗಳು ಹಾಗೆ ಉಳಿಯೋದು ತೀರಾ ಅಪರೂಪ. ಅವುಗಳ ಕತೆಯನ್ನು ಇಂದು ಬದುಕಿರುವವುಗಳನ್ನು ನೋಡಿಯೇ ಓದಬೇಕು.

ಹಾಗಾಗಿ ಬಚ್ಚಲಲ್ಲಿ ಸ್ಲಗ್ ಕಂಡರೆ ಉಪ್ಪು ಬೇಡ. ಅದು ಮೈಯ ನೀರನ್ನೆಲ್ಲ ಹೀರಿ ಕೊಲ್ಲುತ್ತೆ. ಕಾಗದದಲ್ಲಿ ಎತ್ತಿ ಹೊರಗೆ ಬಿಡಿ. ಬರಿಗೈಲಿ ಮುಟ್ಟಬೇಡಿ, ಕೆಲವು ಪರೋಪಜೀವಿ ಹುಳುಗಳನ್ನು ಹೊತ್ತಿರುತ್ತವೆ. ಸೊಪ್ಪನ್ನೂ ಚೆನ್ನಾಗಿ ತೊಳೆಯಿರಿ. ಮಕ್ಕಳು ‘ಇದರ ಮನೆ ಎಲ್ಲಿ?’ ಅಂತ ಕೇಳಿದರೆ, ಹೇಳೋಕೆ ಈಗ ನಿಮ್ಮ ಹತ್ರ ಕತೆ ಇದೆ.