ಗೀಸರ್ ಹೊಸದು, ಪೈಪು ಹಳೆಯದೇ?

ಅರಸೀಕೆರೆ ಸೀಮೆಯ ಮನೆಗಳಲ್ಲಿ ಬಚ್ಚಲೊಲೆಗೆ ಸೌದೆಯ ಚಿಂತೆ ಇರಲಿಲ್ಲ. ತೆಂಗಿನ ಮಟ್ಟೆ, ಕರಟ, ಒಣಗರಿ ಇದ್ದರೆ ಹಂಡೆಯ ನೀರು ಕಾಯುತ್ತಿತ್ತು. ಹಂಡೆಯ ಜಾಗಕ್ಕೆ ತಾಮ್ರದ ಬಾಯ್ಲರ್ ಬಂತು. ಈಗ ಅನೇಕ ಮನೆಗಳಲ್ಲಿ ಅದರ ಜಾಗವನ್ನೂ ಗ್ಯಾಸ್ ಗೀಸರ್ ಹಿಡಿದಿದೆ. ಹಂಡೆಗೆ ಚೊಂಬೊಂದಿದ್ದರೆ ಸಾಕಿತ್ತು. ಗೀಸರ್‌ಗೆ ಪೈಪಿಲ್ಲದೆ ನಡೆಯದು. ಆದರೂ ಹಳೆಯ ಗೀಸರ್ ಕೆಟ್ಟು ಹೊಸದನ್ನು ತರುವಾಗ ಕಂಪನಿ, ಲೀಟರು, ಬೆಲೆ ಎಲ್ಲವನ್ನೂ ವಿಚಾರಿಸುವ ನಾವು, ಪೈಪಿನ ಮಾತು ಬಂದರೆ ಮಾತ್ರ ‘ಇರೋದಕ್ಕೇ ಸೇರಿಸಿಬಿಡಪ್ಪ’ ಎಂದುಬಿಡುತ್ತೇವೆ.

ಗೀಸರ್‌ಗೆ ಸಂಬಂಧಿಸಿದ ದಾರಿಗಳು ಮೂರು: ನೀರಿನದು, ಅನಿಲದ್ದು, ಹೊಗೆಯದು. ಒಂದಕ್ಕೆ ಒಪ್ಪುವ ಪೈಪು ಇನ್ನೊಂದಕ್ಕೆ ಒಪ್ಪದು. ಒಳಗೆ ಹರಿಯುವುದು ಏನು ಎಂದು ಕೇಳಿಕೊಂಡೇ ಪೈಪನ್ನು ಆರಿಸಬೇಕು.

ಬಿಸಿನೀರಿನ ದಾರಿ

ತಣ್ಣೀರಿಗೆ ಬಳಸುವ ಸಾಧಾರಣ ಪಿ.ವಿ.ಸಿ. ಪೈಪು ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಮೆತ್ತಗಾಗಿ ಬಾಗುತ್ತದೆ, ಕೀಲುಗಳು ಸಡಿಲವಾಗುತ್ತವೆ. ಬಿಸಿನೀರಿಗೆ ಅದು ಸಲ್ಲದು. ಸಿ.ಪಿ.ವಿ.ಸಿ. ಎಂಬ ಇನ್ನೊಂದು ಬಗೆಯಲ್ಲಿ ಕ್ಲೋರಿನ್ನಿನ ಅಂಶ ಹೆಚ್ಚು; ಅದು 80 ಡಿಗ್ರಿಯ ಶಾಖವನ್ನೂ ತಡೆಯುತ್ತದೆ. ತಾಮ್ರ ಇನ್ನೂ ಒಳ್ಳೆಯದು, ಆದರೆ ದುಬಾರಿ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. 10 ಮೀಟರ್ ಉದ್ದದ ಪೈಪಿನ ಶಾಖ 20 ಡಿಗ್ರಿಯಿಂದ 60 ಡಿಗ್ರಿಗೆ ಏರಿತೆನ್ನಿ. ಜಿ.ಐ. ಪೈಪು ಸುಮಾರು 5 ಮಿಲಿಮೀಟರ್, ತಾಮ್ರದ್ದು 7 ಮಿಲಿಮೀಟರ್, ಸಿ.ಪಿ.ವಿ.ಸಿ. ಪೈಪು ಸುಮಾರು 26 ಮಿಲಿಮೀಟರ್, ಅಂದರೆ ಒಂದು ಅಂಗುಲದಷ್ಟು ಹಿಗ್ಗುತ್ತದೆ. ತಣಿದಾಗ ಮತ್ತೆ ಕುಗ್ಗುತ್ತದೆ. ಎರಡೂ ತುದಿಗಳನ್ನು ಗೋಡೆಗೆ ಬಿಗಿದುಬಿಟ್ಟರೆ ದಿನವೂ ಹಿಗ್ಗಿ ಕುಗ್ಗಿ ಕೊನೆಗೆ ಕೀಲು ಬಿಡುತ್ತದೆ. ಆದುದರಿಂದ ಸಿ.ಪಿ.ವಿ.ಸಿ. ಪೈಪಿಗೆ ಜರುಗಲು ಎಡೆಯಿರುವ ಕ್ಲಾಂಪು ಹಾಕಿಸಿ, ಉದ್ದ ಹೆಚ್ಚಿದ್ದರೆ ನಡುವೆ ಒಂದು ಬಳಸು ಕೊಡಿಸಬೇಕು. ಗೀಸರ್‌ಗೆ ತಾಗಿದ ಮೊದಲ ಒಂದಡಿ ಲೋಹದ ಪೈಪೇ ಇರಲಿ.

ಗಡಸು ನೀರಿನ ಕಾಟ

ಅರಸೀಕೆರೆಯ ಬಯಲು ಸೀಮೆಯಲ್ಲಿ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪದರ ಇದೇ. ಅದರ ಮೇಲೆ ನಿಂಬೆರಸ ಹಿಂಡಿದರೆ ನೊರೆ ಏಳುವುದನ್ನು ಮನೆಯಲ್ಲೇ ನೋಡಬಹುದು.

15 ಮಿಲಿಮೀಟರ್ ಒಳವ್ಯಾಸದ ಪೈಪಿನ ಸುತ್ತ ಬರೀ 2 ಮಿಲಿಮೀಟರ್ ಪದರ ಕಟ್ಟಿದರೂ ವ್ಯಾಸ 11ಕ್ಕೆ ಇಳಿಯುತ್ತದೆ. ನೀರು ಹರಿಯುವ ಜಾಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದು ನೀರಿನ ಒತ್ತಡದಿಂದ. ಹರಿವು ಕುಗ್ಗಿದರೆ ಒಮ್ಮೆ ಹೊತ್ತುತ್ತದೆ, ಒಮ್ಮೆ ಇಲ್ಲ. ಹೊತ್ತಿದಾಗ ನೀರು ಮೈ ಸುಡುವಷ್ಟು ಕಾಯುತ್ತದೆ. ಹೊಸ ಗೀಸರ್‌ನ ಮೇಲೆ ದೂರು ಹೇಳುವ ಮೊದಲು ಹಳೆಯ ಜಿ.ಐ. ಪೈಪಿನ ಒಂದು ತುಂಡನ್ನು ಬಿಚ್ಚಿ ಒಳಗೆ ನೋಡಿರಿ. ಗೀಸರ್‌ನೊಳಗಿನ ತಾಮ್ರಕ್ಕೆ ಜಿ.ಐ. ಪೈಪನ್ನು ನೇರವಾಗಿ ಜೋಡಿಸಿದರೆ ಸತು ಬೇಗ ಸವೆದು ಕಬ್ಬಿಣ ತುಕ್ಕು ಹಿಡಿಯುತ್ತದೆ. ನಡುವೆ ಹಿತ್ತಾಳೆಯ ಜೋಡಣೆ ಹಾಕಿಸುವುದು ಲೇಸು.

ಹಾಗೆಂದು ಅಗತ್ಯಕ್ಕಿಂತ ದಪ್ಪ ಪೈಪೂ ಬೇಡ. ಅರ್ಧ ಅಂಗುಲದ ಪೈಪಿನ 10 ಮೀಟರ್ ಉದ್ದದಲ್ಲಿ ಸುಮಾರು 1.8 ಲೀಟರ್ ನೀರು ನಿಂತಿರುತ್ತದೆ. ಮುಕ್ಕಾಲು ಅಂಗುಲದ್ದರಲ್ಲಿ 3 ಲೀಟರಿಗೂ ಹೆಚ್ಚು. ಆ ತಣ್ಣೀರೆಲ್ಲ ಹೊರಹೋದ ಮೇಲೆಯೇ ಬಿಸಿನೀರು ಬರುವುದು. ಮಳೆ-ಚಳಿ ಹೆಚ್ಚಿರುವ ಬೇಲೂರಿನ ಕಡೆ ಪೈಪನ್ನು ಗಿಡ್ಡಗೊಳಿಸಿ, ಶಾಖ ತಡೆಯುವ ಹೊದಿಕೆ ಸುತ್ತಿಸಿದರೆ ಅನಿಲವೂ ಉಳಿಯುತ್ತದೆ. ಹಳೇಬೀಡಿನ ಕಡೆಯವರು ತಮ್ಮ ನೀರು ಕೆರೆಯದೋ ಕೊಳವೆಬಾವಿಯದೋ ನೋಡಿಕೊಂಡು ತೀರ್ಮಾನಿಸಬಹುದು.

ಅನಿಲದ ದಾರಿ

ನೀರು ಸೋರಿದರೆ ನೆಲ ಒದ್ದೆಯಾದೀತು. ಅನಿಲ ಸೋರಿದರೆ ಮನೆಯೇ ಹೋದೀತು. ಇಲ್ಲಿ ಪಿ.ವಿ.ಸಿ., ಸಿ.ಪಿ.ವಿ.ಸಿ., ತೋಟದ ಪೈಪು ಯಾವುದೂ ಕೂಡದು. ಒಳಗೆ ತಂತಿಯ ಹೆಣಿಗೆಯಿರುವ, ಐ.ಎಸ್.ಐ. ಗುರುತಿನ ರಬ್ಬರ್ ಪೈಪೇ ಬೇಕು. ಉದ್ದ ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗೆ ತೂರಿಸಬಾರದು. ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಒಲೆಯ ಪೈಪಿಗೆ ‘ಟಿ’ ಹಾಕಿ ಗೀಸರ್‌ಗೆ ಕವಲು ತೆಗೆಯುವ ಜಾಣತನ ಬೇಡ. ದೂರ ಹೆಚ್ಚಿದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನಿಂದಲೇ ಲೋಹದ ಪೈಪು ಹಾಕಿಸಿ. ಸೋರುವಿಕೆಯನ್ನು ಸೋಪಿನ ನೊರೆಯಿಂದ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ್ದು ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ.

ಹೊಗೆಯ ದಾರಿ

ಎಲ್ಲಕ್ಕಿಂತ ಮರೆತುಹೋಗುವುದು ಇದು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರ್ 10 ನಿಮಿಷದಲ್ಲಿ ಸುಮಾರು 160 ಗ್ರಾಂ ಅನಿಲ ಉರಿಸುತ್ತದೆ. ಅದಕ್ಕೆ ಬೇಕಾದ ಗಾಳಿ ಸುಮಾರು 2 ಘನ ಮೀಟರ್. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿರುವ ಒಟ್ಟು ಗಾಳಿಯೇ ಸುಮಾರು 5.4 ಘನ ಮೀಟರ್. ಬಾಗಿಲು ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತರೆ 10 ನಿಮಿಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಯನ್ನು ಗೀಸರ್ ಬಳಸಿಕೊಂಡಿರುತ್ತದೆ. ಆಮ್ಲಜನಕ ಸಾಲದೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಬಾಗಿಲ ಅಗಳಿ ತೆಗೆಯುವ ಶಕ್ತಿಯೂ ಉಳಿಯದು. ಸ್ನಾನಕ್ಕೆ ಹೋದವರು ಹೊರಬರಲಿಲ್ಲವೆಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಹೀಗೆ.

ಆದುದರಿಂದ ಗೀಸರ್ ಮತ್ತು ಸಿಲಿಂಡರ್ ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಇರಲಿ. ಒಳಗೆ ಬರುವುದು ನೀರಿನ ಪೈಪು ಮಾತ್ರ. ಹೊಗೆಕೊಳವೆಯಿರುವ ಗೀಸರ್ ಆದರೆ ಆ ಕೊಳವೆ ಲೋಹದ್ದಾಗಿದ್ದು, ಮೇಲ್ಮುಖವಾಗಿ ಬಯಲಿಗೆ ತೆರೆದಿರಬೇಕು. ಅದರ ವ್ಯಾಸ ಗೀಸರ್‌ನ ಬಾಯಿಗಿಂತ ಕಿರಿದಾಗಬಾರದು. ಹಕ್ಕಿ ಗೂಡು ಕಟ್ಟಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಹಿರಿಯರು ಬಚ್ಚಲೊಲೆಯ ಹೊಗೆಗೆ ಗೂಡು ಬಿಡದೆ ಮನೆ ಕಟ್ಟುತ್ತಿರಲಿಲ್ಲ. ಕಣ್ಣುರಿಸುವ ಹೊಗೆ ತಾನೇ ಎಚ್ಚರಿಸುತ್ತಿತ್ತು. ಗೀಸರ್‌ನ ಹೊಗೆ ಕಣ್ಣಿಗೆ ಕಾಣದು. ಅದರ ಎಚ್ಚರವನ್ನು ನಾವೇ ಇಟ್ಟುಕೊಳ್ಳಬೇಕು. ಹೊಸ ಗೀಸರ್ ಮನೆಗೆ ಬಂದ ದಿನ ಮಕ್ಕಳು ಒಂದು ಹಾಳೆಯ ಮೇಲೆ ಈ ಮೂರು ದಾರಿಗಳ ಚಿತ್ರ ಬರೆದು, ಯಾವುದಕ್ಕೆ ಯಾವ ಪೈಪು ಎಂದು ತಂದೆ-ತಾಯಿಯರ ಮುಂದಿಡಲಿ. ಪ್ಲಂಬರ್ ಕೆಲಸ ಶುರುಮಾಡುವುದು ಆಮೇಲೆ.